ವಿಮ್‌ನಲ್ಲಿ ಕಾಪಿ ಮಾಡಿದ್ದು ಬ್ರೌಸರ್‌ನಲ್ಲಿ ಪೇಸ್ಟ್ ಆಗ್ತಿಲ್ಲ, ಎಲ್ಲಿಗೆ ಹೋಗುತ್ತೆ ಅದು?

ಒಗ್ಗರಣೆಡಬ್ಬಿ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತೀರಾ ಸಣ್ಣದು, ನಗಬೇಡಿ. ವಿಮ್ (ಟರ್ಮಿನಲ್ ಕಿಟಕಿಯಲ್ಲಿ ಕೀಲಿಮಣೆಯಿಂದಲೇ ಓಡಿಸುವ ಎಡಿಟರ್) ಕಲಿಯೋಕೆ ಶುರು ಮಾಡಿ ಮೂರು ವಾರ ಆಯಿತು. ಓಡಾಡುವುದು, ಅಳಿಸುವುದು, ಹುಡುಕುವುದು ಎಲ್ಲ ಕೈಗೆ ಹತ್ತಿದೆ. ಆದರೆ ಒಂದು ಸಾಲಿನ ಮೇಲೆ ನಿಂತು ಎರಡು ಸಲ ವೈ ಒತ್ತಿ, ಬ್ರೌಸರ್‌ಗೆ ಬಂದು ಕಂಟ್ರೋಲ್-ವಿ ಒತ್ತಿದರೆ ನಿನ್ನೆ ಯಾವಾಗಲೋ ಕಾಪಿ ಮಾಡಿದ್ದ ಬೇರೇನೋ ಬಂದು ಕೂರುತ್ತದೆ. ವಿಮ್ ಒಳಗೇ ಪಿ ಒತ್ತಿದರೆ ಮಾತ್ರ ಸರಿಯಾಗಿ ಬರುತ್ತದೆ.

ಸದ್ಯಕ್ಕೆ ಮೌಸ್‌ನಿಂದ ಎಳೆದು ಕಂಟ್ರೋಲ್-ಶಿಫ್ಟ್-ಸಿ ಒತ್ತುತ್ತಿದ್ದೇನೆ. ಅದರಲ್ಲಿ ಸಾಲಿನ ನಂಬರೂ ಜೊತೆಗೆ ಬರುತ್ತದೆ. ನಲವತ್ತು ಸಾಲು ಕಾಪಿ ಮಾಡಿ ಆಮೇಲೆ ನಲವತ್ತು ನಂಬರ್ ಅಳಿಸುತ್ತಾ ಕೂರುವುದಾದರೆ ವಿಮ್ ಯಾಕೆ ಬೇಕು ಹೇಳಿ. ಇನ್ನೊಂದು ವಿಚಿತ್ರ: ನನ್ನ ಫೈಲಿನಲ್ಲಿ ಒಂದು ಆ್ಯಪ್‌ನ ಕನ್ನಡ ಸಂದೇಶಗಳಿವೆ. ಅಲ್ಲಿ 'ರ‍್ಯಾಂಕ್' ಅನ್ನುವ ಪದದ ನಡುವೆ <200ಡಿ> ಅಂತ ಕಸ ಕಾಣುತ್ತದೆ. ಮೌಸ್‌ನಲ್ಲಿ ಕಾಪಿ ಮಾಡಿದರೆ ಆ ಕಸವೂ ಹಾಗೇ ಬಂದುಬಿಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ.

ನ್ಯಾನೋಸಾಕು
ನಾನು ನಗಲಿಲ್ಲ. ನ್ಯಾನೋ ಅನ್ನುವ ಸುಲಭದ ಎಡಿಟರ್ ಬಳಸಿ ಅಂತ ಹೇಳಿ ಹೋಗೋಣ ಅಂತ ಬಂದೆ.

ಹಳೇಬೇರು
ನ್ಯಾನೋದಲ್ಲೂ ಇದೇ ಕಥೆ ಅಲ್ವಾ ಗುರು? ಆಲ್ಟ್-6 ಒತ್ತಿದರೆ ಸಾಲು ನ್ಯಾನೋದ ಸ್ವಂತ ಬಫರ್‌ಗೆ ಹೋಗುತ್ತದೆ, ಕಂಟ್ರೋಲ್-ಯು ಒತ್ತಿದರೆ ಅಲ್ಲಿಂದಲೇ ಬರುತ್ತದೆ. ಬ್ರೌಸರ್‌ಗೆ ಅದರ ಸುಳಿವೂ ಇರುವುದಿಲ್ಲ.

ಒಗ್ಗರಣೆಡಬ್ಬಿ ಅವರೇ, ನಿಮ್ಮ ಹೆಸರಲ್ಲೇ ಉತ್ತರ ಇದೆ. ವಿಮ್ ಕೂಡ ಒಂದು ಒಗ್ಗರಣೆ ಡಬ್ಬಿ. ಒಳಗೆ ಸಣ್ಣ ಸಣ್ಣ ಬಟ್ಟಲುಗಳು. ಅವಕ್ಕೆ ರಿಜಿಸ್ಟರ್ ಅನ್ನುತ್ತಾರೆ. ಸುಮ್ನೆ ವೈ ಒತ್ತಿದರೆ ಹೆಸರಿಲ್ಲದ ಬಟ್ಟಲಿಗೆ ಬೀಳುತ್ತದೆ. ಎ ಇಂದ ಝಡ್ ತನಕ 26 ಬಟ್ಟಲು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. 0 ಅನ್ನುವ ಬಟ್ಟಲಿನಲ್ಲಿ ಕೊನೇ ಸಲ ಕಾಪಿ ಮಾಡಿದ್ದು ಇರುತ್ತದೆ, ಅಳಿಸಿದ್ದು ಅಲ್ಲಿಗೆ ಬರುವುದಿಲ್ಲ. ಇವೆಲ್ಲ ಮನೆಯೊಳಗಿನ ಡಬ್ಬಿ. ಬೀದಿಗೆ ತೆರೆಯುವ ಬಟ್ಟಲು ಎರಡೇ: + ಮತ್ತು *. ಬ್ರೌಸರ್‌ಗೆ ಬೇಕಾದ್ದು + ಬಟ್ಟಲು. ಹಾಗಾಗಿ ಸಾಲನ್ನು ಕಾಪಿ ಮಾಡಲು

"+ವೈವೈ

ಅಂತ ಒತ್ತಿ. ಮೊದಲು ಡಬಲ್ ಕೋಟ್, ಆಮೇಲೆ ಪ್ಲಸ್, ಆಮೇಲೆ ಎರಡು ವೈ. ಇಡೀ ಫೈಲ್ ಬೇಕಾದರೆ ಕೋಲನ್, ಶೇಕಡಾ ಚಿಹ್ನೆ, ವೈ, ಪ್ಲಸ್, ಎಂಟರ್. ಯಾವ ಬಟ್ಟಲಿನಲ್ಲಿ ಏನಿದೆ ನೋಡಲು ಕೋಲನ್ ಹಾಕಿ 'ರಿಜಿಸ್ಟರ್ಸ್' ಅಂತ ಟೈಪ್ ಮಾಡಿ.

ಯಾಕೆ ಹೀಗೆ ಸುತ್ತಿ ಬಳಸಿ ಇಟ್ಟಿದ್ದಾರೆ ಅಂತ ಕೇಳಬಹುದು. ಬಿಲ್ ಜಾಯ್ ಬರ್ಕ್ಲಿಯಲ್ಲಿ ವಿಮ್‌ಗೆ ಮೂಲವಾದ ವಿಐ ಬರೆದದ್ದು 1976ರ ಸುಮಾರಿಗೆ. ಒಂದು ಟರ್ಮಿನಲ್, ಒಂದು ಪರದೆ, ಅಷ್ಟೇ. ಪಕ್ಕದಲ್ಲಿ ಬ್ರೌಸರ್ ಕಿಟಕಿಯೇ ಇಲ್ಲದಿದ್ದಾಗ ಯಾರ ಜೊತೆ ಹಂಚಿಕೊಳ್ಳುವುದು? ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಬಿಡುಗಡೆ ಮಾಡಿದಾಗ ಆ ಡಬ್ಬಿ ಹಾಗೇ ಬಂತು. ಬೀದಿ ಬಾಗಿಲನ್ನು ಆಮೇಲೆ ಕೊರೆದದ್ದು.

ನ್ಯಾನೋಸಾಕು
ಕಾಪಿ ಮಾಡೋಕೆ ಸಿ ಬಿಟ್ಟು ವೈ ಯಾಕೆ ಅಂತಲೂ ಹೇಳಿಬಿಡಿ ಸಾರ್, ಪುಣ್ಯ ಬರುತ್ತೆ.

ಹಳೇಬೇರು
ಸಿ ಆಗಲೇ 'ಚೇಂಜ್' ಪಾಲಾಗಿತ್ತು. ಹಾಗಾಗಿ ಇಲ್ಲಿ ಕಾಪಿಗೆ ಯಾಂಕ್ ಅಂತ ಹೆಸರು, ಕೀ ವೈ. ತಮಾಷೆ ಏನಂದರೆ ಇಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರ್‌ನವರು ಯಾಂಕ್ ಅಂದರೆ ಪೇಸ್ಟ್ ಅನ್ನುತ್ತಾರೆ. ಇಬ್ಬರೂ ಒಂದೇ ಕಂಪ್ಯೂಟರ್‌ನಲ್ಲಿ ಕೂತು ಮಾತಾಡಿದರೆ ಜಗಳ ಗ್ಯಾರಂಟಿ.

ನಿರ್ವಾಹಕ
ಹೊಸಬರಿಗೆ ನೆನಪಿಸುತ್ತಿದ್ದೇನೆ: ನಮ್ಮ ವೇದಿಕೆಯಲ್ಲಿ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇವೆ. ಒತ್ತುವುದು ಮಾತ್ರ ಇಂಗ್ಲಿಷ್ ಕೀ. ಕಳೆದ ಸಲ ಒಬ್ಬರು ಕನ್ನಡ ಕೀಲಿಮಣೆ ಆನ್ ಇಟ್ಟುಕೊಂಡು ವೈ ಒತ್ತಿ, ವಿಮ್ ಕೆಟ್ಟಿದೆ ಅಂತ ದೂರು ಕೊಟ್ಟಿದ್ದರು.

ಒಗ್ಗರಣೆಡಬ್ಬಿ
ಹಳೇಬೇರು ಅಣ್ಣ, ಡಬ್ಬಿ ಲೆಕ್ಕ ಚೆನ್ನಾಗಿ ತಲೆಗೆ ಹೋಯಿತು. ಆದರೆ "+ವೈವೈ ಒತ್ತಿದರೂ ಬ್ರೌಸರ್‌ನಲ್ಲಿ ಅದೇ ನಿನ್ನೆಯ ಮಾಲು. ಎರರ್ ಕೂಡ ಬರಲಿಲ್ಲ. ವಿಮ್ ಒಳಗೆ ಪಿ ಒತ್ತಿದರೆ ಸಾಲು ಬರುತ್ತದೆ, ಹೊರಗೆ ಇಲ್ಲ.

ಬೆಳ್ಳಿಚುಕ್ಕಿ
ಶೆಲ್‌ನಲ್ಲಿ 'ವಿಮ್ --ವರ್ಷನ್' ಕೊಟ್ಟು ನೋಡಿ. ಉದ್ದನೆ ಪಟ್ಟಿ ಬರುತ್ತದೆ. ಅದರಲ್ಲಿ ಕ್ಲಿಪ್‌ಬೋರ್ಡ್ ಅನ್ನುವ ಪದ ಹುಡುಕಿ. ಮುಂದೆ ಪ್ಲಸ್ ಇದೆಯಾ ಮೈನಸ್ ಇದೆಯಾ?

ಒಗ್ಗರಣೆಡಬ್ಬಿ
ಮೈನಸ್.

ಬೆಳ್ಳಿಚುಕ್ಕಿ
ಅಲ್ಲಿಗೆ ಮುಗಿಯಿತು. ನಿಮ್ಮ ವಿಮ್‌ಗೆ ಬೀದಿ ಬಾಗಿಲೇ ಇಟ್ಟಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ಸಿಗುವ ವಿಮ್ ಪ್ಯಾಕೇಜ್ ಎಕ್ಸ್ (ಲಿನಕ್ಸ್‌ನಲ್ಲಿ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, ಎಕ್ಸ್11 ಅಂತಲೂ ಅನ್ನುತ್ತಾರೆ) ಬೆಂಬಲ ಇಲ್ಲದೆ ಕಟ್ಟಿದ್ದು. ಸರ್ವರ್‌ನಲ್ಲಿ ಗ್ರಾಫಿಕ್ಸ್ ಲೈಬ್ರರಿ ಎಳೆದುಕೊಂಡು ಬರಬಾರದು ಅಂತ ಹಾಗೆ ಮಾಡಿದ್ದಾರೆ, ತಪ್ಪೇನಲ್ಲ. 'ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್-ಜಿಟಿಕೆ3' ಕೊಡಿ. ಹೆಸರು ನೋಡಿ ಹೆದರಬೇಡಿ. ಬೇರೆ ಕಿಟಕಿ ತೆರೆಯಬೇಕು ಅಂತೇನಿಲ್ಲ, ಟರ್ಮಿನಲ್‌ನಲ್ಲಿ ಎಂದಿನಂತೆ 'ವಿಮ್' ಅಂತಲೇ ಓಡುತ್ತದೆ. ಫೆಡೋರಾದವರಿಗೆ ವಿಮ್-ಎಕ್ಸ್11 ಅನ್ನುವ ಪ್ಯಾಕೇಜ್, ಕಮಾಂಡಿನ ಹೆಸರು 'ವಿಮ್‌ಎಕ್ಸ್'.

ಮತ್ತೆ ಆ <200ಡಿ> ಕಸ ಅಲ್ಲ, ದಯವಿಟ್ಟು ಅಳಿಸಬೇಡಿ! ಅದು ಝಡ್‌ಡಬ್ಲ್ಯೂಜೆ. ಕಣ್ಣಿಗೆ ಕಾಣದ, ಅಕ್ಷರ ಜೋಡಿಸುವ ಗುರುತು. ಅದಿಲ್ಲದಿದ್ದರೆ 'ರ‍್ಯಾಂಕ್' ಹೋಗಿ ಅರ್ಕಾವತ್ತಿನ 'ರ್ಯಾಂಕ್' ಆಗುತ್ತದೆ. ಕಾಣದ ಅಕ್ಷರವನ್ನು ವಿಮ್ ಹೀಗೆ ಕೋನದ ಕಂಸದಲ್ಲಿ ಬರೆದು ತೋರಿಸುತ್ತದೆ, ಅಷ್ಟೇ.

ನಿಮ್ಮ ಗೊಂದಲದ ಬೇರೂ ಅಲ್ಲೇ ಇದೆ ನೋಡಿ. ಮೌಸ್‌ನಿಂದ ಎಳೆದಾಗ ಕಾಪಿ ಮಾಡುವುದು ಟರ್ಮಿನಲ್, ವಿಮ್ ಅಲ್ಲ. ಟರ್ಮಿನಲ್‌ಗೆ ಫೈಲ್ ಗೊತ್ತಿಲ್ಲ. ಪರದೆ ಮೇಲೆ ಏನು ಬಳಿದಿದೆಯೋ ಅದೊಂದೇ ಗೊತ್ತು. ಸಾಲಿನ ನಂಬರ್ ಬಳಿದಿದ್ದರೆ ನಂಬರ್, <200ಡಿ> ಬಳಿದಿದ್ದರೆ ಅದೇ ಆರು ಅಕ್ಷರ. ಟ್ಯಾಬ್ ಇದ್ದ ಕಡೆ ಖಾಲಿ ಜಾಗ ಬರುತ್ತದೆ. ಪರದೆಯಿಂದ ಕೆಳಗೆ ಜಾರಿದ ಸಾಲು ಬರುವುದೇ ಇಲ್ಲ. ಎರಡು ಕಿಟಕಿ ಅಕ್ಕಪಕ್ಕ ತೆರೆದಿದ್ದರೆ ಎರಡರ ಸಾಲೂ ಕಲಸಿ ಚಿತ್ರಾನ್ನ. ಯಾಂಕ್ ಮಾಡಿದಾಗ ಮಾತ್ರ ಫೈಲಿನೊಳಗೆ ನಿಜವಾಗಿ ಇರುವುದು ಹೋಗುತ್ತದೆ.

ಘಟ್ಟದಕೆಳಗೆ
ಇದು ಒಳ್ಳೆ ಮಾತು ಮಾರಾಯ್ರೆ. ನಾನು ಇಷ್ಟು ದಿನ ಮೌಸ್ ಕಾಪಿ ಮತ್ತು ಯಾಂಕ್ ಒಂದೇ, ದಾರಿ ಮಾತ್ರ ಬೇರೆ ಅಂತ ತಿಳಿದಿದ್ದೆ. ಫೋಟೋ ತೆಗೆಯುವುದಕ್ಕೂ ಜೆರಾಕ್ಸ್ ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಉಂಟು ಇದರಲ್ಲಿ.

ಒಗ್ಗರಣೆಡಬ್ಬಿ
ವಿಮ್-ಜಿಟಿಕೆ3 ಹಾಕಿದೆ. ಬಂತು! 'ರ‍್ಯಾಂಕ್' ಕೂಡ ಸರಿಯಾಗಿ ಬಂತು. ಬೆಳ್ಳಿಚುಕ್ಕಿ ಅಕ್ಕ, ತುಂಬಾ ಥ್ಯಾಂಕ್ಸ್. ಆದರೆ ಒಂದು ಅನುಮಾನ. ವಿಮ್‌ನಲ್ಲಿ ಕಾಪಿ ಮಾಡಿ, ವಿಮ್ ಮುಚ್ಚಿ, ಆಮೇಲೆ ಬ್ರೌಸರ್‌ಗೆ ಹೋದರೆ ಕೆಲವು ಸಲ ಏನೂ ಇರುವುದಿಲ್ಲ. ನನ್ನ ಭ್ರಮೆಯಾ?

ಹಳೇಬೇರು
ಭ್ರಮೆ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ವರ್ಷಗಟ್ಟಲೆ ಎಡವಿದ್ದೇನೆ.

ಎಕ್ಸ್11ನಲ್ಲಿ ಕ್ಲಿಪ್‌ಬೋರ್ಡ್ ಅಂದರೆ ಎಲ್ಲೋ ಒಂದು ಕಡೆ ಇಟ್ಟ ಡಬ್ಬಿ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದು ಬರೀ ಒಂದು ಮಾತು. ನೀವು ಕಾಪಿ ಮಾಡಿದಾಗ ವಿಮ್ ಎಕ್ಸ್ ಸರ್ವರ್‌ಗೆ 'ಕ್ಲಿಪ್‌ಬೋರ್ಡ್ ನನ್ನ ಹತ್ತಿರ ಇದೆ, ಯಾರಿಗಾದರೂ ಬೇಕಾದರೆ ನನ್ನನ್ನೇ ಕೇಳಲಿ' ಅಂತ ಹೇಳಿಡುತ್ತದೆ. ಪಠ್ಯ ವಿಮ್ ಹತ್ತಿರವೇ ಇರುತ್ತದೆ. ಬ್ರೌಸರ್‌ನಲ್ಲಿ ಪೇಸ್ಟ್ ಒತ್ತಿದ ಕ್ಷಣಕ್ಕೆ ಬ್ರೌಸರ್ ಕೇಳುತ್ತದೆ, ವಿಮ್ ಕೊಡುತ್ತದೆ. ಅಷ್ಟರಲ್ಲಿ ನೀವು ವಿಮ್ ಮುಚ್ಚಿದ್ದರೆ ಕೊಡುವವರು ಯಾರು? ಅಂಗಡಿ ಬಾಗಿಲು ಹಾಕಿದ ಮೇಲೆ ಸಾಮಾನು ಕೇಳಿದ ಹಾಗೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಓಡುತ್ತಿರುತ್ತದೆ. ಅದು ತಕ್ಷಣ ಒಂದು ಪ್ರತಿ ಇಟ್ಟುಕೊಳ್ಳುವುದರಿಂದ ನಿಮಗೆ ಗೊತ್ತಾಗುವುದಿಲ್ಲ. 'ಕೆಲವು ಸಲ' ಅಂತ ನಿಮಗೆ ಅನ್ನಿಸಿದ್ದು ಅದಕ್ಕೇ.

ಎರಡನೆಯದು, * ಬಟ್ಟಲು. ಎಕ್ಸ್‌ನಲ್ಲಿ ಇಂಥ ಮಾತು ಎರಡಿವೆ. ಕಂಟ್ರೋಲ್-ಸಿ ಒತ್ತಿದರೆ ಹೋಗುವುದು ಕ್ಲಿಪ್‌ಬೋರ್ಡ್, ಅದೇ +. ಏನೂ ಒತ್ತದೆ ಮೌಸ್‌ನಲ್ಲಿ ಬರೀ ಆರಿಸಿದರೆ ತುಂಬುವುದು ಪ್ರೈಮರಿ, ಅದೇ *. ಅದನ್ನು ಮೌಸ್‌ನ ನಡುವಿನ ಗುಂಡಿ ಒತ್ತಿ ಪೇಸ್ಟ್ ಮಾಡುತ್ತಾರೆ. ಎರಡಕ್ಕೂ ಸಂಬಂಧ ಇಲ್ಲ, ಒಂದೇ ಹೊತ್ತಿಗೆ ಬೇರೆ ಬೇರೆ ಪಠ್ಯ ಇಟ್ಟುಕೊಂಡಿರುತ್ತವೆ. ವಿಂಡೋಸ್, ಮ್ಯಾಕ್‌ಗಳಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ + ಮತ್ತು * ಒಂದೇ.

ಟರ್ಮಿನಲ್‌ನಿಂದ ಕ್ಲಿಪ್‌ಬೋರ್ಡ್‌ಗೆ ಪಠ್ಯ ಹಾಕುವ ಎಕ್ಸ್‌ಕ್ಲಿಪ್ ಕಮಾಂಡ್ ಬಳಸುವವರು ಬೀಳುವ ಗುಂಡಿಯೂ ಇದೇ. ಅದಕ್ಕೆ ಏನೂ ಹೇಳದೆ ಪಠ್ಯ ಕೊಟ್ಟರೆ ಪ್ರೈಮರಿಗೆ ಹಾಕುತ್ತದೆ. '-ಸೆಲೆಕ್ಷನ್ ಕ್ಲಿಪ್‌ಬೋರ್ಡ್' ಅಂತ ಸೇರಿಸಬೇಕು. ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಇರುವವರಿಗೆ ಅದರ ಬದಲು ಡಬ್ಲ್ಯೂಎಲ್-ಕಾಪಿ.

ಒಗ್ಗರಣೆಡಬ್ಬಿ
ಪ್ರತಿ ಸಲ ಡಬಲ್ ಕೋಟ್, ಪ್ಲಸ್ ಒತ್ತುವುದು ಬೆರಳಿಗೆ ಕಷ್ಟ. ಎಲ್ಲ ಯಾಂಕೂ ತಾನಾಗಿಯೇ ಹೊರಗೆ ಹೋಗುವ ಹಾಗೆ ಮಾಡಬಹುದಾ?

ನೀರ್‌ದೋಸೆ
ವಿಮ್‌ನ ಸೆಟ್ಟಿಂಗ್ಸ್ ಇರುವ ವಿಮ್‌ಆರ್‌ಸಿ ಫೈಲಿನಲ್ಲಿ ಒಂದು ಸಾಲು ಹಾಕಿ: ಸೆಟ್ ಕ್ಲಿಪ್‌ಬೋರ್ಡ್=ಅನ್‌ನೇಮ್ಡ್‌ಪ್ಲಸ್. ಮುಗೀತು. ಐದು ವರ್ಷದಿಂದ ಬಳಸುತ್ತಿದ್ದೇನೆ.

ಮಂಡಕ್ಕಿಗಿರ್ಮಿಟ್
ದಯವಿಟ್ಟು ಹಾಕಬೇಡಿ. ಅಥವಾ ಹಾಕಿ, ಆದರೆ ನನ್ನ ಕಥೆ ಕೇಳಿ ಹಾಕಿ.

ನಾನೂ ಆ ಸಾಲು ಹಾಕಿಕೊಂಡು ಖುಷಿಯಾಗಿದ್ದೆ. ಒಂದು ದಿನ ಬ್ರೌಸರ್‌ನಿಂದ ಒಂದು ಲಿಂಕ್ ಕಾಪಿ ಮಾಡಿದೆ, ಆಫೀಸ್ ಗ್ರೂಪ್‌ಗೆ ಹಾಕಬೇಕಿತ್ತು. ಅಷ್ಟರಲ್ಲಿ ವಿಮ್ ಕಡೆ ಕಣ್ಣು ಹೋಯಿತು. ಬೇಡದ ಒಂದು ಸಾಲು ಕಂಡಿತು. ಡಿಡಿ ಒತ್ತಿ ಅಳಿಸಿದೆ. ಗ್ರೂಪ್‌ಗೆ ಬಂದು ಪೇಸ್ಟ್ ಮಾಡಿ, ನೋಡದೇ ಎಂಟರ್ ಒತ್ತಿದೆ. ಹೋದದ್ದು ಲಿಂಕ್ ಅಲ್ಲ, ನಾನು ಅಳಿಸಿದ ಸಾಲು. ಅದರಲ್ಲಿ ಟೆಸ್ಟ್ ಡೇಟಾಬೇಸ್‌ನ ಪಾಸ್‌ವರ್ಡ್ ಇತ್ತು. ಎಂಬತ್ತು ಜನರ ಗ್ರೂಪ್ ರೀ ಅದು.

ವಿಮ್‌ನಲ್ಲಿ ಅಳಿಸುವುದೆಲ್ಲ ಕಟ್ ಮಾಡಿದ ಹಾಗೆಯೇ. ಡಿ, ಸಿ, ಎಕ್ಸ್ ಎಲ್ಲವೂ ಅಳಿಸಿದ್ದನ್ನು ಆ ಹೆಸರಿಲ್ಲದ ಬಟ್ಟಲಿಗೆ ಹಾಕುತ್ತವೆ. ಅನ್‌ನೇಮ್ಡ್‌ಪ್ಲಸ್ ಅಂದರೆ ಆ ಬಟ್ಟಲನ್ನೇ ಬೀದಿಗೆ ಇಟ್ಟ ಹಾಗೆ. ಒಂದೇ ಒಂದು ಅಕ್ಷರ ಎಕ್ಸ್ ಒತ್ತಿ ಅಳಿಸಿದರೂ ಕ್ಲಿಪ್‌ಬೋರ್ಡ್‌ನಲ್ಲಿದ್ದ ಲಿಂಕ್ ಹಾರಿಹೋಗುತ್ತದೆ.

ನೀರ್‌ದೋಸೆ
ಅಳಿಸುವಾಗ "_ಡಿಡಿ ಒತ್ತಿದರೆ ಆಯಿತಲ್ಲ. ಅಂಡರ್‌ಸ್ಕೋರ್ ಬಟ್ಟಲು ತಳ ಇಲ್ಲದ್ದು, ಹಾಕಿದ್ದು ಮಾಯ.

ಮಂಡಕ್ಕಿಗಿರ್ಮಿಟ್
ಅಂದರೆ ಕಾಪಿಗೆ ಎರಡು ಕೀ ಉಳಿಸೋಕೆ ಹೋಗಿ ಅಳಿಸೋಕೆ ಎರಡು ಕೀ ಜಾಸ್ತಿ. ದಿನಕ್ಕೆ ನಾನು ಅಳಿಸುವುದೇ ಜಾಸ್ತಿ, ಹೊರಗೆ ಕಾಪಿ ಮಾಡುವುದು ಹತ್ತು ಸಲ ಅಷ್ಟೇ. ಈಗ ಸ್ಪೇಸ್ ಒತ್ತಿ ವೈ ಒತ್ತಿದರೆ "+ವೈ ಆಗುವ ಹಾಗೆ ಮ್ಯಾಪ್ ಮಾಡಿಕೊಂಡಿದ್ದೇನೆ. ಬಾಗಿಲು ಬೇಕಾದಾಗ ನಾನೇ ತೆಗೆಯುತ್ತೇನೆ.

ಹಳೇಬೇರು
ನಾನು ಮಂಡಕ್ಕಿಯವರ ಕಡೆ. ನೀರ್‌ದೋಸೆಯವರಿಗೆ ಐದು ವರ್ಷದಿಂದ ಏನೂ ಆಗಿಲ್ಲ ಅಂದರೆ ಅದು ಅವರ ಅದೃಷ್ಟ.

ಒಗ್ಗರಣೆಡಬ್ಬಿ
ಮ್ಯಾಪ್ ಮಾಡಿಕೊಂಡೆ, ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಈಗ ನಿಜ ಒಪ್ಪಿಕೊಳ್ಳಬೇಕು. ಆ ಕನ್ನಡ ಸಂದೇಶಗಳ ಫೈಲ್ ಇರುವುದು ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಆಫೀಸಿನ ಸರ್ವರ್‌ನಲ್ಲಿ. ನಾನು ಎಸ್‌ಎಸ್‌ಎಚ್ ಮಾಡಿ (ಅಂದರೆ ದೂರದಿಂದಲೇ ಟರ್ಮಿನಲ್‌ನಲ್ಲಿ ಲಾಗಿನ್ ಆಗಿ), ಒಳಗೆ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಟರ್ಮಿನಲ್ ನಡೆಸುವ ಪ್ರೋಗ್ರಾಂ) ತೆರೆದು, ಅದರೊಳಗೆ ವಿಮ್ ತೆರೆಯುತ್ತೇನೆ. ಇಲ್ಲಿ ಪರೀಕ್ಷೆ ಮಾಡಿದ್ದು ಮನೆಯ ಇನ್ನೊಂದು ಪ್ರತಿ ಮೇಲೆ. ಸರ್ವರ್‌ನಲ್ಲಿ ಹಳೇ ಹಾಡು. ಅಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಕ್ಕು ನನಗಿಲ್ಲ.

ನ್ಯಾನೋಸಾಕು
ಇದನ್ನು ಮೊದಲನೇ ಸಾಲಿನಲ್ಲೇ ಹೇಳಬೇಕಿತ್ತು ಸ್ವಾಮಿ!

ಬೆಳ್ಳಿಚುಕ್ಕಿ
ಪರವಾಗಿಲ್ಲ, ಎಲ್ಲರೂ ಹೀಗೇ ಹೇಳುವುದು. ಈಗ ಯೋಚನೆ ಮಾಡಿ: ವಿಮ್ ಓಡುತ್ತಿರುವುದು ಬೇರೆ ಊರಿನ ಕಂಪ್ಯೂಟರ್‌ನಲ್ಲಿ. ಕ್ಲಿಪ್‌ಬೋರ್ಡ್ ಇರುವುದು ನಿಮ್ಮ ಮೇಜಿನ ಮೇಲೆ. ನಡುವೆ ಇರುವುದು ಎಸ್‌ಎಸ್‌ಎಚ್ ಅನ್ನುವ ಒಂದೇ ಕೊಳವೆ, ಅದರಲ್ಲಿ ಹರಿಯುವುದು ಅಕ್ಷರಗಳು ಮಾತ್ರ. ಸರ್ವರ್‌ನಲ್ಲಿ ವಿಮ್-ಜಿಟಿಕೆ3 ಇದ್ದಿದ್ದರೂ ಉಪಯೋಗ ಇರಲಿಲ್ಲ. ಅದು ಸರ್ವರ್‌ನ ಪರದೆ ಹುಡುಕುತ್ತದೆ, ಸರ್ವರ್‌ಗೆ ಪರದೆಯೇ ಇಲ್ಲ.

ಹಳೇ ದಾರಿ ಎಸ್‌ಎಸ್‌ಎಚ್‌ಗೆ ದೊಡ್ಡ ಎಕ್ಸ್ ಆಪ್ಷನ್ ಕೊಟ್ಟು ಎಕ್ಸ್ ಫಾರ್ವರ್ಡಿಂಗ್ ಮಾಡುವುದು. ನಿಧಾನ. ಸರ್ವರ್‌ನಲ್ಲೂ ಅದಕ್ಕೆ ತಯಾರಿ ಬೇಕು. ಬಿಟ್ಟುಬಿಡಿ.

ಚೆಂದದ ದಾರಿಗೆ ಓಎಸ್‌ಸಿ 52 ಅಂತ ಹೆಸರು. ಟರ್ಮಿನಲ್‌ಗೆ ಬಣ್ಣ ಬದಲಿಸು, ಕರ್ಸರ್ ಸರಿಸು ಅಂತ ಹೇಳೋಕೆ ಎಸ್ಕೇಪ್ ಅಕ್ಷರದಿಂದ ಶುರುವಾಗುವ ಗುಟ್ಟಿನ ಸಂಕೇತಗಳಿವೆ ಅಲ್ವಾ? ಅಂಥದ್ದೇ ಇದು. ಎಸ್ಕೇಪ್, ಬಲ ಚೌಕ ಕಂಸ, 52, ಸೆಮಿಕೋಲನ್, ಸಿ, ಸೆಮಿಕೋಲನ್, ಆಮೇಲೆ ಬೇಸ್64 ಮಾಡಿದ (ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಿಸಿದ) ಪಠ್ಯ, ಕೊನೆಗೆ ಬೆಲ್ ಅಕ್ಷರ. ಇದು ಕೊಳವೆಯಲ್ಲಿ ಮಾಮೂಲಿ ಅಕ್ಷರಗಳ ಹಾಗೇ ಹರಿದು ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಟರ್ಮಿನಲ್ ಅದನ್ನು ಪರದೆ ಮೇಲೆ ಬರೆಯದೆ, ಬಿಡಿಸಿ, ನಿಮ್ಮ ಕ್ಲಿಪ್‌ಬೋರ್ಡ್‌ಗೆ ಹಾಕುತ್ತದೆ. ಸರ್ವರ್‌ನಲ್ಲಿ ಎಕ್ಸ್ ಬೇಡ, ಎಕ್ಸ್‌ಕ್ಲಿಪ್ ಬೇಡ, ಯಾರ ಅಪ್ಪಣೆಯೂ ಬೇಡ.

ವಿಮ್‌ನಿಂದ ಕವಲೊಡೆದ ನಿಯೋವಿಮ್ ಆದರೆ 2024ರಲ್ಲಿ ಬಂದ 0.10 ಆವೃತ್ತಿಯಿಂದ ಇದು ಒಳಗೇ ಇದೆ. ನೀವು ವಿಮ್‌ನಲ್ಲಿ ಇರುವುದರಿಂದ ಓಎಸ್‌ಸಿಯಾಂಕ್ ಅನ್ನುವ ಪ್ಲಗಿನ್ ಹಾಕಿಕೊಳ್ಳಿ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಫೈಲ್ ಇಟ್ಟರೆ ಸಾಕು, ರೂಟ್ ಹಕ್ಕು ಬೇಕಿಲ್ಲ.

ಘಟ್ಟದಕೆಳಗೆ
ಕನ್ನಡ ಪಠ್ಯ ಬೇಸ್64ನಲ್ಲಿ ಹಾಳಾಗುವುದಿಲ್ಲವಾ?

ಬೆಳ್ಳಿಚುಕ್ಕಿ
ಇಲ್ಲ. ಬದಲಿಗೆ ಇದೇ ಸುರಕ್ಷಿತ. ಯುಟಿಎಫ್-8ನಲ್ಲಿ (ಯುನಿಕೋಡ್ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಕ್ರಮ) ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ಬೇಸ್64 ಪ್ರತಿ 3 ಬೈಟನ್ನು 4 ಅಕ್ಷರ ಮಾಡುತ್ತದೆ. ಹಾಗಾಗಿ ಒಂದು ಕನ್ನಡ ಸಂಕೇತಕ್ಕೆ ಲೆಕ್ಕಾಚಾರವಾಗಿ 4 ಅಕ್ಷರ. 'ಕನ್ನಡ' ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ನ, ಡ ಹೀಗೆ 5 ಸಂಕೇತ. 15 ಬೈಟ್, ಬೇಸ್64ನಲ್ಲಿ 20 ಅಕ್ಷರ. ಝಡ್‌ಡಬ್ಲ್ಯೂಜೆಗೂ 3 ಬೈಟೇ. ಇಂಗ್ಲಿಷ್‌ಗಿಂತ ಮೂರು ಪಟ್ಟು ಜಾಗ ತಿನ್ನುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ. ಕೆಲವು ಟರ್ಮಿನಲ್‌ಗಳು ಒಂದು ಸಲಕ್ಕೆ ಇಷ್ಟೇ ಅಂತ ಮಿತಿ ಇಟ್ಟಿರುತ್ತವೆ. 10,000 ಕನ್ನಡ ಸಂಕೇತ ಕಳಿಸಿದರೆ 40,000 ಅಕ್ಷರ ಹರಿಯುತ್ತದೆ.

ಒಗ್ಗರಣೆಡಬ್ಬಿ
ಪ್ಲಗಿನ್ ಹಾಕಿದೆ. ಯಾಂಕ್ ಮಾಡಿದರೆ ಕಾಪಿ ಆಯಿತು ಅಂತ ಕೆಳಗೆ ಸಂದೇಶವೂ ಬರುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಏನೂ ಇಲ್ಲ. ನಾನೇನು ಪಾಪ ಮಾಡಿದ್ದೆ?

ಬೆಳ್ಳಿಚುಕ್ಕಿ
ನಡುವೆ ಟಿಮಕ್ಸ್ ಕೂತಿದೆಯಲ್ಲ, ಅದು ಗೇಟ್ ಹತ್ತಿರ ವಾಚ್‌ಮನ್ ಇದ್ದ ಹಾಗೆ. ಟಿಮಕ್ಸ್ 2.6ರಿಂದ ಸೆಟ್-ಕ್ಲಿಪ್‌ಬೋರ್ಡ್ ಅನ್ನುವ ಆಯ್ಕೆ ಮೊದಲಿಗೇ 'ಎಕ್ಸ್‌ಟರ್ನಲ್' ಅಂತ ಇರುತ್ತದೆ. ಅಂದರೆ ಟಿಮಕ್ಸ್ ತಾನು ಕಾಪಿ ಮಾಡಿದ್ದನ್ನು ಹೊರಗೆ ಕಳಿಸುತ್ತದೆ, ಒಳಗಿನ ವಿಮ್ ಕಳಿಸಿದ್ದನ್ನು ನುಂಗುತ್ತದೆ. ಟಿಮಕ್ಸ್ ಕಾನ್ಫ್ ಫೈಲಿನಲ್ಲಿ 'ಸೆಟ್ -ಜಿ ಸೆಟ್-ಕ್ಲಿಪ್‌ಬೋರ್ಡ್ ಆನ್' ಹಾಕಿ ಫೈಲನ್ನು ಮತ್ತೆ ಓದಿಸಿ.

ಮತ್ತೆ ಲ್ಯಾಪ್‌ಟಾಪ್‌ನಲ್ಲಿ ಯಾವ ಟರ್ಮಿನಲ್?

ಒಗ್ಗರಣೆಡಬ್ಬಿ
ಉಬುಂಟು ಜೊತೆ ಬಂದದ್ದು. ಗ್ನೋಮ್ ಟರ್ಮಿನಲ್. ಹಳೇ ಆವೃತ್ತಿ, ಅಪ್‌ಡೇಟ್ ಮಾಡಿ ವರ್ಷಗಳಾದವು.

ಬೆಳ್ಳಿಚುಕ್ಕಿ
ಅದೇ ಎರಡನೇ ಗೇಟು. ಗ್ನೋಮ್ ಟರ್ಮಿನಲ್ ಬಹಳ ಕಾಲ ಓಎಸ್‌ಸಿ 52ನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕಿಟ್ಟಿ, ಅಲಾಕ್ರಿಟಿ, ಫೂಟ್, ವೆಜ್‌ಟರ್ಮ್ ಇವುಗಳಲ್ಲಿ ಯಾವುದಾದರೂ ಒಂದು ಹಾಕಿ ನೋಡಿ. ವಿಂಡೋಸ್ ಟರ್ಮಿನಲ್‌ನಲ್ಲೂ ಕೆಲಸ ಮಾಡುತ್ತದೆ. ಮ್ಯಾಕ್‌ನಲ್ಲಿ ಐಟರ್ಮ್2 ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕು. ಎಕ್ಸ್‌ಟರ್ಮ್‌ಗೆ ಇದು ಗೊತ್ತು, ಆದರೆ ಮೊದಲಿಗೆ ಬೀಗ ಹಾಕಿಟ್ಟಿರುತ್ತದೆ.

ಅರ್ಧಚಂದ್ರ
ಬೀಗ ಹಾಕಿರುವುದಕ್ಕೆ ಕಾರಣ ಇದೆ. ಯಾರೂ ಹೇಳುತ್ತಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು.

ಓಎಸ್‌ಸಿ 52ರಲ್ಲಿ ಬರೆಯುವುದು ಮಾತ್ರ ಅಲ್ಲ, ಓದುವುದೂ ಇದೆ. ಪಠ್ಯದ ಬದಲು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಟರ್ಮಿನಲ್ ತನ್ನ ಕ್ಲಿಪ್‌ಬೋರ್ಡ್‌ನಲ್ಲಿ ಇರುವುದನ್ನು ಸರ್ವರ್‌ಗೆ ಹೇಳಬೇಕು. ಈಗ ತಾನೇ ನೀವು ಬ್ಯಾಂಕ್ ಪಾಸ್‌ವರ್ಡ್ ಕಾಪಿ ಮಾಡಿದ್ದರೆ? ಅದಕ್ಕೇ ಬಹುತೇಕ ಟರ್ಮಿನಲ್‌ಗಳು ಓದಲು ಬಿಡುವುದಿಲ್ಲ, ಅಥವಾ ಕಿಟ್ಟಿಯ ಹಾಗೆ ಒಂದು ಮಾತು ಕೇಳಿ ಬಿಡುತ್ತವೆ. ಓದಲು ಎಲ್ಲೂ ಅನುಮತಿ ಕೊಡಬೇಡಿ. ಸರ್ವರ್ ಕಡೆಗೆ ಪೇಸ್ಟ್ ಮಾಡಲು ಕಂಟ್ರೋಲ್-ಶಿಫ್ಟ್-ವಿ ಇದ್ದೇ ಇದೆ.

ಬರೆಯುವುದರಲ್ಲೂ ಸಣ್ಣ ಅಪಾಯ ಇದೆ. ಯಾರೋ ಕೊಟ್ಟ ಫೈಲನ್ನು ಪರದೆಗೆ ಸುರಿದಾಗ ಅದರೊಳಗೆ ಈ ಸಂಕೇತ ಅಡಗಿದ್ದರೆ ನಿಮಗೆ ಗೊತ್ತಿಲ್ಲದೆ ಕ್ಲಿಪ್‌ಬೋರ್ಡ್ ಬದಲಾಗುತ್ತದೆ. ಆಮೇಲೆ ನೀವು ಶೆಲ್‌ನಲ್ಲಿ ಪೇಸ್ಟ್ ಮಾಡಿದರೆ ಅವರ ಕಮಾಂಡ್ ಓಡಬಹುದು. ನಿಮ್ಮದೇ ಸರ್ವರ್ ಆದರೆ ಸರಿ. ಗುರುತಿಲ್ಲದ ಕಡೆ ಬೇಡ.

ಬೆಳ್ಳಿಚುಕ್ಕಿ
ಒಪ್ಪಿದೆ. ನಾನೂ ಬರೆಯುವುದಕ್ಕೆ ಮಾತ್ರ ಬಿಟ್ಟಿದ್ದೇನೆ. ನಿಯೋವಿಮ್‌ನವರು ಗಮನಿಸಿ: ಓದಲು ಬಿಡದ ಟರ್ಮಿನಲ್‌ನಲ್ಲಿ "+ಪಿ ಒತ್ತಿದರೆ ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತದೆ. ಹ್ಯಾಂಗ್ ಆಗಿದ್ದಲ್ಲ, ಕಂಟ್ರೋಲ್-ಸಿ ಒತ್ತಿ ಬಿಡಿಸಿ.

ಘಟ್ಟದಕೆಳಗೆ
ನಾನು ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಂಡವ. ಎಲ್ಲರೂ ಹೇಳುವ ಹಾಗೆ ವಿಮ್‌ನಿಂದ ಆರಿಸಿದ ಸಾಲನ್ನು ವಿಂಡೋಸ್ ಕ್ಲಿಪ್‌ಬೋರ್ಡ್‌ಗೆ ಹಾಕುವ ಕ್ಲಿಪ್ ಡಾಟ್ ಎಕ್ಸ್‌ಇಗೆ ಕೊಡುತ್ತಿದ್ದೆ. ಇಂಗ್ಲಿಷ್ ಸರಿ ಬರುತ್ತದೆ, ಕನ್ನಡ ಮಾತ್ರ ಅರೆಬರೆ ಗೀಚು. ಮೊದಲು ನಾನು ಇದು ಹಳೇ ನುಡಿ ಫಾಂಟಿನ ಕಾಟ ಇರಬೇಕು ಅಂದುಕೊಂಡೆ. ಆ ಕಾಲದ ಕಡತ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರದ ರಾಶಿ ಬರುತ್ತಿತ್ತಲ್ಲ, ಹಾಗೆ. ಆದರೆ ನನ್ನ ಫೈಲ್ ಯುನಿಕೋಡ್‌ನಲ್ಲೇ ಉಂಟು.

ಕೊನೆಗೆ ಗೊತ್ತಾಯಿತು. ಕ್ಲಿಪ್ ಡಾಟ್ ಎಕ್ಸ್‌ಇ ನಾವು ಕೊಡುವ ಯುಟಿಎಫ್-8ನ್ನು ವಿಂಡೋಸಿನ ಹಳೇ ಕೋಡ್‌ಪೇಜ್ ಅಂತ ತಿಳಿದು ಓದುತ್ತದೆ. ನಡುವೆ ಐಕಾನ್ವ್ ಇಟ್ಟು ಯುಟಿಎಫ್-16ಎಲ್‌ಇಗೆ ಬದಲಿಸಿ ಕೊಟ್ಟರೆ ಸರಿ ಹೋಗುತ್ತದೆ. ಇನ್ನೂ ಸುಲಭ ಬೇಕಾದರೆ ವಿನ್32ಯಾಂಕ್ ಅಂತ ಒಂದು ಸಣ್ಣ ಪ್ರೋಗ್ರಾಂ ಉಂಟು. ಅದು ಸಾಲಿನ ಕೊನೆಯ ವಿಂಡೋಸ್ ಗುರುತನ್ನೂ ನೋಡಿಕೊಳ್ಳುತ್ತದೆ.

ಮಂಡಕ್ಕಿಗಿರ್ಮಿಟ್
ಮ್ಯಾಕ್‌ನಲ್ಲೂ ಇದರ ತಮ್ಮ ಇದ್ದಾನೆ. ಅಲ್ಲಿ ಕ್ಲಿಪ್‌ಬೋರ್ಡ್‌ಗೆ ಹಾಕುವ ಪಿಬಿಕಾಪಿ ಕಮಾಂಡಿಗೆ ಕನ್ನಡ ಕೊಟ್ಟಾಗ ಗೀಚು ಬಂದರೆ ಲ್ಯಾಂಗ್ ಅನ್ನುವ ವೇರಿಯಬಲ್ ನೋಡಿ. ಅದು ಖಾಲಿ ಇದ್ದರೆ ಪಿಬಿಕಾಪಿಗೆ ಯುಟಿಎಫ್-8 ಅಂತ ಗೊತ್ತಾಗುವುದಿಲ್ಲ. ಯುಟಿಎಫ್-8 ಲೊಕೇಲ್ ಇಟ್ಟರೆ ಸರಿ.

ಇನ್ನೊಂದು, ವಿಮ್‌ನಿಂದ 'ಡಬ್ಲ್ಯೂ' ಮತ್ತು ಆಶ್ಚರ್ಯ ಚಿಹ್ನೆ ಹಾಕಿ ಪಿಬಿಕಾಪಿಗೋ ಎಕ್ಸ್‌ಕ್ಲಿಪ್‌ಗೋ ಕೊಟ್ಟಾಗ ಪೂರ್ತಿ ಸಾಲುಗಳೇ ಹೋಗುತ್ತವೆ. ನೀವು ಎರಡೇ ಪದ ಆರಿಸಿದ್ದರೂ ಅಷ್ಟೇ. ನನಗೆ ಇದು ತಿಳಿಯಲು ಒಂದು ಇಡೀ ಮಧ್ಯಾಹ್ನ ಹೋಯಿತು.

ಒಗ್ಗರಣೆಡಬ್ಬಿ
ಕಿಟ್ಟಿ ಹಾಕಿದೆ. ಸರ್ವರ್‌ಗೆ ಹೋಗಿ ಟಿಮಕ್ಸ್ ಅಂದರೆ 'ಮಿಸ್ಸಿಂಗ್ ಆರ್ ಅನ್‌ಸೂಟಬಲ್ ಟರ್ಮಿನಲ್: ಎಕ್ಸ್‌ಟರ್ಮ್-ಕಿಟ್ಟಿ' ಅಂತ ಬೈದು ಹೊರಗೆ ಹಾಕಿತು. ಒಂದು ಗಾದೆ ನೆನಪಾಗುತ್ತಿದೆ, ಇಲಿ ಹೋಯಿತು ಅಂದರೆ ಹುಲಿ ಬಂತು.

ಬೆಳ್ಳಿಚುಕ್ಕಿ
ಆ ಗಾದೆ ನಾನು ಕೇಳಿಲ್ಲ, ಆದರೆ ಅರ್ಥ ಆಯಿತು :) ಸರ್ವರ್‌ಗೆ ಕಿಟ್ಟಿಯ ಪರಿಚಯ ಇಲ್ಲ, ಅಷ್ಟೇ. ಬರೀ ಎಸ್‌ಎಸ್‌ಎಚ್ ಬದಲು 'ಕಿಟನ್ ಎಸ್‌ಎಸ್‌ಎಚ್' ಅಂತ ಕೊಟ್ಟು ಹೋಗಿ. ಅದು ಹೋಗುವಾಗ ತನ್ನ ಪರಿಚಯಪತ್ರವನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇಟ್ಟು ಹೋಗುತ್ತದೆ.

ಹಳೇಬೇರು
ಈ ಸಾಹಸ ನಡೆಯುತ್ತಿರುವಾಗ ಒಂದು ಬಡವರ ದಾರಿ ಹೇಳಿಬಿಡುತ್ತೇನೆ. ಇಡೀ ಫೈಲ್ ಬೇಕು ಅಂದಾಗ ನಾನು ವಿಮ್ ಒಳಗಿಂದ ಹೋರಾಡುವುದೇ ಇಲ್ಲ. ಲ್ಯಾಪ್‌ಟಾಪ್‌ನ ಇನ್ನೊಂದು ಕಿಟಕಿಯಲ್ಲಿ

ಎಸ್‌ಎಸ್‌ಎಚ್ ಸರ್ವರ್ ಕ್ಯಾಟ್ ಫೈಲ್ | ಎಕ್ಸ್‌ಕ್ಲಿಪ್ -ಸೆಲೆಕ್ಷನ್ ಕ್ಲಿಪ್‌ಬೋರ್ಡ್

ಅಂತ ಕೊಡುತ್ತೇನೆ. ಫೈಲನ್ನು ಸುರಿಯುವ ಕ್ಯಾಟ್ ಓಡುವುದು ಅಲ್ಲಿ, ಎಕ್ಸ್‌ಕ್ಲಿಪ್ ಓಡುವುದು ಇಲ್ಲಿ. ಟಿಮಕ್ಸ್ ವಾಚ್‌ಮನ್ ಇಲ್ಲ, ಟರ್ಮಿನಲ್ ಮಿತಿ ಇಲ್ಲ. ವಿಮ್‌ನಲ್ಲಿ ಸೇವ್ ಮಾಡಿರಬೇಕು, ಅದೊಂದು ಮರೆಯಬೇಡಿ. ಕೆಲವೇ ಸಾಲು ಬೇಕಾದರೆ ಕ್ಯಾಟ್ ಜಾಗದಲ್ಲಿ ಸೆಡ್ ಹಾಕಿ ಸಾಲಿನ ನಂಬರ್ ಹೇಳುತ್ತೇನೆ.

ನ್ಯಾನೋಸಾಕು
ಇದು ನ್ಯಾನೋದಲ್ಲಿ ಬರೆದ ಫೈಲಿಗೂ ನಡೆಯುತ್ತೆ ಅಲ್ವಾ?

ಹಳೇಬೇರು
ನಡೆಯುತ್ತದೆ. ಫೈಲಿಗೆ ಯಾರು ಬರೆದರು ಅಂತ ಗೊತ್ತಿರುವುದಿಲ್ಲ.

ನ್ಯಾನೋಸಾಕು
ಬಂದದ್ದಕ್ಕೂ ಸಾರ್ಥಕ ಆಯಿತು.

ಒಗ್ಗರಣೆಡಬ್ಬಿ
ಬಂತು ಬಂತು ಬಂತು!! ಕಿಟನ್‌ನಿಂದ ಒಳಗೆ ಹೋಗಿ, ಟಿಮಕ್ಸ್‌ನಲ್ಲಿ ಆನ್ ಮಾಡಿ, ವಿಮ್‌ನಲ್ಲಿ ನಲವತ್ತು ಸಾಲು ಆರಿಸಿ ಕಾಪಿ ಮಾಡಿದೆ. ಬ್ರೌಸರ್‌ನಲ್ಲಿ ನಂಬರ್ ಇಲ್ಲ, ಟ್ಯಾಬ್ ಹಾಗೇ ಇದೆ.

ಒಂದೇ ಒಂದು ಅನುಮಾನ. ಬ್ರೌಸರ್‌ನಲ್ಲಿ 'ರ‍್ಯಾಂಕ್' ಚೆನ್ನಾಗಿ ಕಾಣುತ್ತಿದೆ. ಆದರೆ ಆ ಕಾಣದ ಗುರುತು ನಿಜವಾಗಿ ಬಂದಿದೆಯಾ, ಬ್ರೌಸರ್ ಸುಮ್ನೆ ಅಂದಾಜಿನಲ್ಲಿ ತೋರಿಸುತ್ತಿದೆಯಾ ಅಂತ ಹೇಗೆ ತಿಳಿಯುವುದು?

ಬೆಳ್ಳಿಚುಕ್ಕಿ
ಬ್ರೌಸರ್‌ನಿಂದ ಕಾಪಿ ಮಾಡಿ ಲ್ಯಾಪ್‌ಟಾಪ್‌ನ ವಿಮ್‌ಗೆ "+ಪಿ ಒತ್ತಿ ತನ್ನಿ. ರ ಮೇಲೆ ಕರ್ಸರ್ ಇಟ್ಟು ಜಿ ಮತ್ತು 8 ಒತ್ತಿ, ಅಲ್ಲಿರುವ ಬೈಟುಗಳನ್ನು ತೋರಿಸುತ್ತದೆ. ಕರ್ಸರನ್ನು ಒಂದೊಂದೇ ಹೆಜ್ಜೆ ಸರಿಸಿ ನೋಡಿ. ಸಾಲಿನಲ್ಲಿ <200ಡಿ> ಕಂಡರಂತೂ ಬಂದಿದೆ ಅಂತಲೇ ಲೆಕ್ಕ.

ಒಗ್ಗರಣೆಡಬ್ಬಿ
ಇದೆ! ಮೊದಲ ದಿನ ಕಸ ಅಂದಿದ್ದೆ, ಈಗ ಅದನ್ನೇ ಹುಡುಕಿ ನೋಡಿ ಸಮಾಧಾನ ಮಾಡಿಕೊಂಡೆ. ಮೌಸ್‌ನಲ್ಲಿ ಕಾಪಿ ಮಾಡಿ ಆಗಲೇ ಆ್ಯಪ್‌ಗೆ ಹಾಕಿದ್ದ ಸಂದೇಶಗಳಲ್ಲಿ ಆ ಆರು ಅಕ್ಷರ ಎಷ್ಟು ಕಡೆ ಉಳಿದಿದೆಯೋ, ಈಗ ಹೋಗಿ ಹುಡುಕಬೇಕು.